ಎರಡು ಟನ್ನಿನ ರಾಟೆ

ಪಾಲಯ್ಯ ರಾಟೆಯನ್ನು ಕೈಗೆತ್ತಿಕೊಂಡವನೇ ಅದಕ್ಕೆ ಬಳಿದಿದ್ದ ಅರಿಶಿನ ಕುಂಕುಮವನ್ನು ಹೆಬ್ಬೆರಳಿನಿಂದ ತಿಕ್ಕಿ ತೆಗೆದ. ಅದರಡಿ ಹೊಸ ಹಸಿರು ಬಣ್ಣ. ಮಚ್ಚಿನ ಮೊನೆಯಿಂದ ಬಣ್ಣವನ್ನೂ ಕೆರೆಯತೊಡಗಿದಾಗ ಕಂಟ್ರಾಕ್ಟರ್ ಪರಮೇಶ್ವರಪ್ಪ ಹೌಹಾರಿದ.

“ಲೇ ಲೇ, ಪೂಜೆ ಮಾಡಿ ತಂದಿದ್ದನ್ನ ಕೆರೀತೀಯಲ್ಲೋ! ಏನು ಬಂದೈತೆ ನಿಂಗೆ?”

“ಪೂಜೆ ಅಡಿಯಾಗೆ ನಂಬರು ಐತೇನೋ ನೋಡ್ತೀನ್ರಿ ಸಾವ್ಕಾರ್ರೆ.”

ನಂಬರು ಇತ್ತು. ಉಕ್ಕಿನ ಮೇಲೆ ಅಚ್ಚೊತ್ತಿದ 2, ಪಕ್ಕದಲ್ಲಿ ಟನ್ನಿನ ಗುರುತು. ಪಾಲಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ಟನ್ನಿನದೇ ತನ್ನಿ ಎಂದು ಮೂರು ಸಲ ಹೇಳಿ ಕಳಿಸಿದ್ದ.

ಬಾಗೂರು ರಸ್ತೆಯ ಆ ಹುಣಸೆಮರವನ್ನು ಕಡಿದುರುಳಿಸಿ ಎರಡು ದಿನವಾಗಿತ್ತು. ದಿಮ್ಮಿ ಹಳ್ಳದೊಳಗೆ ಬಿದ್ದಿತ್ತು. ಪಾಲಯ್ಯ ತನ್ನ ಕೈವಿಂಚನ್ನು, ಅಂದರೆ ತಂತಿಹಗ್ಗ ಸುತ್ತಿ ಎಳೆಯುವ ಯಂತ್ರವನ್ನು, ನಿಲ್ಲಿಸಲು ಮೋರಿಯ ಪಕ್ಕ ಬಿಟ್ಟರೆ ಗಟ್ಟಿ ನೆಲವಿಲ್ಲ. ಅಲ್ಲಿಂದ ಹೊರಟ ತಂತಿಹಗ್ಗ ರಸ್ತೆಯಾಚೆಯ ಬೇವಿನ ಬುಡಕ್ಕೆ ಬಿಗಿದ ರಾಟೆಯನ್ನು ಸುತ್ತಿ, ತಿರುಗಿ ಹಳ್ಳಕ್ಕಿಳಿದು ದಿಮ್ಮಿಯನ್ನು ಹಿಡಿಯಬೇಕು. ಹಗ್ಗದ ಆ ಎರಡು ಎಳೆಗಳ ನಡುವೆ ನಿಂತು, ದಿಮ್ಮಿ ಜರುಗಿದಂತೆಲ್ಲ ಅದರಡಿಗೆ ದುಂಡು ಕಟ್ಟಿಗೆಯ ಉರುಳೆ ಕೊಡುತ್ತ ಬರಬೇಕಾದವರು ದುರುಗಕ್ಕ ಮತ್ತು ಇನ್ನು ಮೂವರು ಹೆಂಗಸರು. ರಾಟೆ ಸೀಳಿದರೆ, ಬಿಗಿದ ಹಗ್ಗ ಚಾಟಿಯಂತೆ ಬೀಸುವುದು ಅವರ ಸೊಂಟದ ಮಟ್ಟಕ್ಕೇ.

“ವಿಂಚು ಎಳೆಯಾದೆಷ್ಟು?” ಪರಮೇಶ್ವರಪ್ಪ ಕೇಳಿದ.

“ಎರಡು ಟನ್ನು.”

“ರಾಟೆ ಮ್ಯಾಲೆ ಬರ್ದಿರಾದೆಷ್ಟು?”

“ಎರಡು.”

“ಮತ್ತೇನಪ್ಪ ನಿನ್ನ ತಕರಾರು? ಹೆಣ್ಣು ಗಂಡಿನ ಜಾತಕ ಕೂಡಿದಂಗೆ ಕೂಡೈತೆ!” ತನ್ನ ಮಾತಿಗೆ ತಾನೇ ನಕ್ಕ.

“ನೀವು ಬಾವೀಲಿ ನೀರು ಸೇದಿದ್ದೀರೇನ್ರಿ ಯಾವತ್ತಾದ್ರೂ?”

“ನಮ್ಮನೇಲಿ ಹೆಂಗಸ್ರು ಸೇದ್ತಾರೆ.”

“ಹಂಗಾದ್ರೆ ಅವ್ರನ್ನೇ ಕಳಿಸ್ಬೇಕಿತ್ತು ರಾಟೆ ತರಾಕೆ,” ಎಂದಳು ದುರುಗಕ್ಕ, ಹೆಗಲ ಮೇಲಿನ ಉರುಳೆಯನ್ನು ಇಳಿಸದೆಯೇ. ಉಳಿದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಪಾಲಯ್ಯ ನಗಲಿಲ್ಲ. “ಬಾವಿ ರಾಟೆ ತೂಗಾಕಿರ್ತಾರಲ್ಲ ತೊಲೆ, ಅದು ಬರೇ ಕೊಡ ಹೊರಲ್ರಿ. ಆ ಕಡಿಂದ ಕೊಡ ಜಗ್ತೈತೆ, ಈ ಕಡಿಂದ ಸೇದೋಳು ಜಗ್ತಾಳೆ. ಎರಡೂ ತೊಲೆ ಮ್ಯಾಲೇ. ಇಲ್ಲೂ ಅಷ್ಟೆ. ದಿಮ್ಮಿ ಕಡಿಂದ ಎರಡು, ವಿಂಚಿನ ಕಡಿಂದ ಎರಡು. ರಾಟೆ ಮ್ಯಾಲೆ ನಾಲ್ಕು ಬೀಳ್ತೈತೆ.”

“ನಾಲ್ಕನೇ ಕ್ಲಾಸಿಗೆ ಸ್ಲೇಟು ಒಡ್ದೋನು ನಂಗೆ ಲೆಕ್ಕ ಹೇಳ್ತೀಯಾ?” ಪರಮೇಶ್ವರಪ್ಪನ ನಗು ಮಾಯವಾಗಿತ್ತು. “ದಾವಣಗೆರೇಲಿ ಅಕ್ಕಿ ಮಿಲ್ಲು ಕಟ್ಟಿರೋ ರಾಟೆ ಇದು. ಒಂದಾಳಿಗೂ ಗಾಯ ಮಾಡಿಲ್ಲ, ಅಂಥ ಒಳ್ಳೇ ಗುಣ ಅದರದ್ದು. ಸಂಜೆಯೊಳಗೆ ದಿಮ್ಮಿ ಲಾರಿ ಹತ್ಬೇಕು. ನಿನ್ ಕೈಲಿ ಆಗದಿದ್ರೆ ಹೇಳು, ಹಿರಿಯೂರಿಂದ ಬೇರೆಯೋನ್ನ ಕರೆಸ್ತೀನಿ.”

ಬೇರೆಯವನು ಬರುತ್ತಾನೆ, ಬಂದು ಕೇಳದೆ ಎಳೆಯುತ್ತಾನೆ. ಅದು ಪಾಲಯ್ಯನಿಗೆ ಗೊತ್ತಿತ್ತು. ಮೋರಿಯ ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದ ಇಲಾಖೆಯ ಓವರ್‌ಸೀಯರ್ ಚಿತ್ರಲಿಂಗಪ್ಪನ ಕಡೆ ತಿರುಗಿದ. ಡಿಪ್ಲೊಮಾ ಮಾಡಿದವನು. ಇದೇ ರಾಟೆಯ ಲೆಕ್ಕವನ್ನು ಪರೀಕ್ಷೆಯಲ್ಲಿ ಬರೆದೇ ಕೆಲಸಕ್ಕೆ ಬಂದವನು.

“ಸಾಹೇಬ್ರೆ, ನೀವು ಓದಿದೋರು. ನಾ ಹೇಳಿದ್ದು ಸುಳ್ಳೇನ್ರಿ? ನೀವು ಬ್ಯಾಡ ಅಂದ್ರೆ ಸಾಕು, ಕೆಲ್ಸ ನಿಲ್ತೈತೆ.”

ಚಿತ್ರಲಿಂಗಪ್ಪ ಪೇಪರು ಮಡಚಿದ. ರಾಟೆಯನ್ನು ನೋಡಿದ, ಬೇವಿನ ಮರವನ್ನು ನೋಡಿದ. ಹಳ್ಳದಲ್ಲಿದ್ದ ಹೆಂಗಸರ ಮೇಲೂ ಕಣ್ಣು ಹಾಯಿತು, ನಿಲ್ಲಲಿಲ್ಲ.

“ಥಿಯರಿ ಪ್ರಕಾರ ನೀನು ಹೇಳೋದ್ರಲ್ಲೂ ಒಂದಿಷ್ಟು... ಇರ್ಲಿ ಬಿಡು. ಫ್ಯಾಕ್ಟರಿಯವರು ಬರೆದಿದ್ದಕ್ಕಿಂತ ಜಾಸ್ತೀನೇ ತಡೆಯೋ ಹಾಗೆ ಮಾಡಿರ್ತಾರೆ. ನಿಧಾನಕ್ಕೆ ಎಳೀರಿ. ಏನೂ ಆಗಲ್ಲ.”

“ಕೇಳಿದೇನೋ?” ಎಂದ ಪರಮೇಶ್ವರಪ್ಪ.

ಪಾಲಯ್ಯ ಕೇಳಿದ್ದ. ಕಂಟ್ರಾಕ್ಟರನ ದಡ್ಡತನವನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಗೊತ್ತಿದ್ದೂ ‘ಇರ್ಲಿ ಬಿಡು’ ಎಂದವನ ಮುಖಕ್ಕೆ ಉಗಿಯಬೇಕೆನಿಸಿತು.

ಚಿತ್ರಲಿಂಗಪ್ಪ ಎದ್ದು ಪ್ಯಾಂಟಿನ ದೂಳು ಕೊಡವಿದ. ಬೇವಿನ ನೆರಳಿಗೆ ಹೋಗಿ, ಅಲ್ಲಿ ನಿಲ್ಲಿಸಿದ್ದ ತನ್ನ ಹೊಸ ಮೋಟಾರ್ ಸೈಕಲ್ಲಿನ ಸ್ಟ್ಯಾಂಡು ತೆಗೆದು, ಸ್ಟಾರ್ಟ್ ಕೂಡ ಮಾಡದೆ ದೂಡಿಕೊಂಡು ಹೊರಟ. ಮೋರಿ ದಾಟಿದ. ಲಾರಿ ದಾಟಿದ. ಉರಿಬಿಸಿಲಿನಲ್ಲೇ ನಡೆದು ಮೈಲಿಗಲ್ಲಿನ ಆಚೆಗೆ ಅದನ್ನು ನಿಲ್ಲಿಸಿ, ಕರ್ಚೀಫಿನಿಂದ ಸೀಟು ಒರೆಸಿದ. ಆಮೇಲೆ ಅಲ್ಲಿಂದಲೇ ಕೈ ಬೀಸಿದ.

“ಹೂಂ, ಎಳೀರಿ!”

ದುರುಗಕ್ಕ ಇದನ್ನೆಲ್ಲ ಮೊದಲಿನಿಂದ ನೋಡುತ್ತಿದ್ದಳು. ಹೆಗಲ ಮೇಲಿನ ಉರುಳೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ಸೀರೆಯ ನೆರಿಗೆ ಎತ್ತಿ ಕಟ್ಟಿ ಹಳ್ಳದ ದಂಡೆ ಹತ್ತಿದಳು. ಉಳಿದ ಮೂವರೂ ಏನೂ ಕೇಳದೆ ಅವಳ ಹಿಂದೆ ನಡೆದರು. ನಾಲ್ವರೂ ಲಾರಿ ದಾಟಿ ಹೋಗಿ, ಮೋಟಾರ್ ಸೈಕಲ್ಲಿನ ಪಕ್ಕ ಸಾಲಾಗಿ ಕುಕ್ಕರಗಾಲಲ್ಲಿ ಕೂತರು. ಚಿತ್ರಲಿಂಗಪ್ಪ ಬೇರೆ ಕಡೆ ಮುಖ ತಿರುಗಿಸಿದ.

“ಏಯ್, ಅಲ್ಲೇನ್ ಮಾಡ್ತೀರೇ? ಉರುಳೆ ಯಾರು ಕೊಡೋರು?” ಪರಮೇಶ್ವರಪ್ಪ ಗಂಟಲು ಹರಿಯುವಂತೆ ಕೂಗಿದ.

“ನಾವೇ ಕೊಡ್ತೀವ್ರಿ ಸಾವ್ಕಾರ್ರೆ,” ದುರುಗಕ್ಕ ಎಲೆಗೆ ಸುಣ್ಣ ಸವರುತ್ತ ಹೇಳಿದಳು. “ದಿಮ್ಮೀನ ಇಲ್ಲೀಗಂಟ ಎಳಕಂಡು ಬರ್ರಿ.”