ನಿಂತ ಬಳೆ

ಪರದೆಯ ಮೇಲೆ ಯುರೇನಸ್ ಗ್ರಹದ ಬಳೆ ಸೈಕಲ್ ಚಕ್ರದ ಹಾಗೆ ನೆಟ್ಟಗೆ ನಿಂತಿತ್ತು. ಏಳನೇ ಕ್ಲಾಸಿನ ಗುರುದೇವಿಯ ಬೆನ್ನ ಹಿಂದಿದ್ದ ವಿಜ್ಞಾನದ ಟೀಚರ್ ಬಸವರಾಜೇಶ್ವರಿ ಅದನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಲಗ್ಗೆರೆಯ ಆ ಶಾಲೆಗೆ ಇಂಟರ್‌ನೆಟ್ ಬಂದು ಎರಡೇ ದಿನವಾಗಿತ್ತು. ಗ್ರಹಗಳು ಸೂರ್ಯನನ್ನು ಸುತ್ತುವುದನ್ನು ಮೌಸ್ ಹಿಡಿದು ಯಾವ ಕಡೆಯಿಂದ ಬೇಕಾದರೂ ನೋಡಬಹುದಾದ ಈ ವೆಬ್‌ಸೈಟನ್ನು ಮಕ್ಕಳಿಗೆ ತೆಗೆದುಕೊಟ್ಟವರೂ ಅವರೇ.

ಹೋದ ವಾರದ ವಿಜ್ಞಾನ ಪ್ರದರ್ಶನದಲ್ಲಿ ಗುರುದೇವಿ ಯುರೇನಸ್ ಮಾಡಲು ಥರ್ಮಾಕೋಲ್ ಚೆಂಡಿಗೆ ತನ್ನ ಪ್ಲಾಸ್ಟಿಕ್ ಬಳೆಯನ್ನು ಹೀಗೇ ನಿಲ್ಲಿಸಿ ಸಿಕ್ಕಿಸಿದ್ದಳು. "ಬಳೆ ಎಲ್ಲಾದ್ರೂ ನಿಂತ್ಕೊಂಡಿರುತ್ತೇನೇ? ಶನಿಗ್ರಹದ ಚಿತ್ರ ನೋಡಿಲ್ವಾ?" ಎಂದು ಟೀಚರ್ ತೀರ್ಪುಗಾರರ ಎದುರೇ ಅದನ್ನು ಕಿತ್ತು, ಅಡ್ಡ ಮಲಗಿಸಿ ಒತ್ತಿದ್ದರು. ಎಲ್ಲರೂ ನಕ್ಕಿದ್ದರು. "ತಪ್ಪಾತ್ರಿ ಮಿಸ್" ಅಂದಿದ್ದಳು ಹುಡುಗಿ.

ತಪ್ಪು ತನ್ನದೇ ಎಂದು ಟೀಚರ್ ಈಗ ಹೇಳಲೇಬೇಕಿತ್ತು. ಅವತ್ತು ಇಡೀ ಹಾಲ್‌ಗೆ ಕೇಳುವಂತೆ ಗದರಿದವರು, ಪಕ್ಕದ ಕಂಪ್ಯೂಟರಿನ ಮಕ್ಕಳಿಗೆ ಕೇಳಿಸದಿರಲೆಂದು ಇವತ್ತು ದನಿ ತಗ್ಗಿಸಿದರು. "ಗುರುದೇವಿ, ಅವತ್ತು ಆ ಬಳೆ..."

ಹುಡುಗಿ ಬೆಚ್ಚಿ ತಿರುಗಿದಳು. ಟೀಚರ್ ಮುಖ ನೋಡಿದಳು, ಪರದೆ ನೋಡಿದಳು. ಗಡಿಬಿಡಿಯಲ್ಲಿ ಮೌಸ್ ಎಳೆದು, ಯುರೇನಸ್ಸಿನ ಬಳೆ ಪೂರ್ತಿ ಅಡ್ಡ ಮಲಗುವವರೆಗೂ ಚಿತ್ರವನ್ನು ವಾಲಿಸಿದಳು. ಉಳಿದ ಗ್ರಹಗಳು ಸೂರ್ಯನನ್ನು ಸುತ್ತುವ ದಾರಿಗಳೆಲ್ಲ ಎದ್ದು ನಿಂತವು.

"ಈಗ ಸರಿ ಆತೇನ್ರಿ, ಮಿಸ್?"