ಆ ಕಡೆಯ ಸಿಪಾಯಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ವರ್ಷದ ಬೇಸಿಗೆಯಲ್ಲಿ, ಎರಡು ದೇಶಗಳು ಕಾದಾಡುವುದಕ್ಕೆಂದು ಯರಗುಪ್ಪಿಯ ಎರೆಹೊಲಕ್ಕೆ ಬಂದವು. ಜೋಳ ಕೊಯ್ದು ಹೊಲ ಬರಿದಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಯುದ್ಧ ಶುರು, ಒಂದಕ್ಕೆ ಊಟದ ಬಿಡುವು. ಎರಡೂ ದೇಶದವರು ಒಂದೇ ಸಾಲಿನಲ್ಲಿ ಕೂತು ರೊಟ್ಟಿ, ಝುಣಕಾ ಉಂಡು, ಒಂದೇ ಬೇವಿನ ನೆರಳಿಗೆ ಅಡ್ಡಾಗಿ, ಎದ್ದು ಮತ್ತೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಸಿನಿಮಾದವರಿಗೆ ಸಿಪಾಯಿಗಳು ಸಾಲದೆ ಬಂದಾಗ ಗುಡಗೇರಿಯಿಂದ ಇಬ್ಬರು ಗೆಳೆಯರು ಹೋದರು: ರೈತ ಈರಪ್ಪ, ದರ್ಜಿ ಗುಲಾಮಹುಸೇನ. ಆಗ ಬಮ್ಮಿಗಟ್ಟಿಯ ಅಜ್ಜಿಯ ಮನೆಯಲ್ಲಿದ್ದ ಮಗಳು ರೋಹಿಣಿಗೆ ಈರಪ್ಪ ಫೋನಿನಲ್ಲೇ ಮಾತು ಕೊಟ್ಟ: “ಪಿಚ್ಚರ್ ಬರಲಿ, ಕರಕೊಂಡ ಹೋಗಿ ಪರದೆದಾಗ ನನ್ನ ತೋರಸ್ತೀನಿ.” ಯಾವ ದೇಶದವನೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಪಿಚ್ಚರ್ ಬಂತು. ಭಾನುವಾರ ಮಧ್ಯಾಹ್ನ, ಹುಬ್ಬಳ್ಳಿಯ ಥೇಟರು. ಅಪ್ಪ ಮತ್ತು ಗುಲಾಮ ಕಾಕಾನ ನಡುವೆ ರೋಹಿಣಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅಪ್ಪ ಯುದ್ಧ ಮಾಡಿದ್ದಾನೆಂದು ಐದನೆಯ ತರಗತಿಯವರಿಗೆಲ್ಲ ಆಗಲೇ ಸಾರಿ ಬಂದಿದ್ದಳು.

“ಎಲ್ಲಿ ಅದಿ ಅಪ್ಪಾ?”

“ಇನ್ನ ಟೈಮ್ ಐತಿ.”

“ಎಷ್ಟ ಮಂದೀನ್ನ ಹೊಡದಿ, ಅಷ್ಟರ ಹೇಳು. ನಾಳೆ ಸಾಲ್ಯಾಗ ಕೇಳ್ತಾರ.”

“ಸುಮ್ನ ನೋಡ ಬೇ.”

“ಟ್ಯಾಂಕಿನ ಮ್ಯಾಲೆ ನಿಂತಾನಲ್ಲ, ಆಂವಾ ನೀನೇನ?”

“ಆಂವಾ ಹೀರೋ,” ಎಂದ ಗುಲಾಮಹುಸೇನ. “ಬಿಸಲ ತಾಗಬಾರದಂತ ಆಂವಗ ಛತ್ರಿ ಹಿಡ್ಯಾಕ ಇಬ್ಬರಿದ್ರು. ನಿಮ್ಮಪ್ಪಗ ಒಂದ ಟಾವೆಲ್ಲೂ ಕೊಡಲಿಲ್ಲ.”

ರೋಹಿಣಿಯ ಕಣ್ಣು ನಮ್ಮ ಸೈನ್ಯದ ಒಂದೊಂದು ಟೊಪ್ಪಿಗೆಯ ಕೆಳಗೂ ಹೊಕ್ಕು ಹೊರಬಂತು. ಆ ಕಡೆಗೆ ಒಮ್ಮೆಯೂ ಹೊರಳಲಿಲ್ಲ. ಅಪ್ಪನನ್ನು ವೈರಿಗಳಲ್ಲಿ ಹುಡುಕಬೇಕೆಂದು ಯಾವ ಮಗುವಿಗೆ ಹೊಳೆದೀತು?

ದೇಶ ಹಂಚಿದವನು ಬೆಂಗಳೂರಿನ ಸಹಾಯಕ ನಿರ್ದೇಶಕ. ಶೂಟಿಂಗಿನ ಮೊದಲ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಗಡ್ಡದವರು ಆ ಕಡೆ, ಉಳಿದವರು ಈ ಕಡೆ. ದಿನಾ ನುಣ್ಣಗೆ ಬೋಳಿಸಿಕೊಳ್ಳುವ ಗುಲಾಮಹುಸೇನನ ಕೈಗೆ ನಮ್ಮ ದೇಶದ ಬಂದೂಕು ಬಂತು. ಈರಪ್ಪ ಹಣೆಯ ವಿಭೂತಿಯನ್ನು ಮುಂದೆ ಮಾಡಿ, “ಸಾಹೇಬ್ರ, ಇದು ಹರಕಿ ಗಡ್ಡರೀ,” ಎಂದ. ಚಳಿಗಾಲದಲ್ಲಿ ರೋಹಿಣಿ ಕಾಮಾಲೆಯಾಗಿ ಮಲಗಿದ್ದಾಗ, ಅವಳು ತನ್ನ ಕಾಲಿನಿಂದಲೇ ಮನೆದೇವರ ಮೆಟ್ಟಿಲು ಹತ್ತುವವರೆಗೆ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ ಎಂದು ಬೇಡಿಕೊಂಡು ಬಿಟ್ಟ ಗಡ್ಡ ಅದು. ಸಹಾಯಕ ಅದನ್ನು ಎಡದಿಂದ ನೋಡಿದ, ಬಲದಿಂದ ನೋಡಿದ. “ತುಂಬಾ ಚೆನ್ನಾಗಿ ಬೆಳೆದಿದೆ. ಕ್ಯಾಮೆರಾ ಹತ್ರ ನಿಂತ್ಕೊಳ್ಳಿ,” ಎಂದು ಒದ್ದೆ ಬಟ್ಟೆಯಿಂದ ವಿಭೂತಿಯನ್ನಷ್ಟೇ ಒರೆಸಿದ. ಈಗ ಹರಕೆ ತೀರಿ ಈರಪ್ಪನ ಮುಖವೂ ನುಣ್ಣಗಿತ್ತು. ಪರದೆಯ ಮೇಲೆ ಮಾತ್ರ ತೀರಿರಲಿಲ್ಲ.

ಗುಲಾಮಹುಸೇನ ಹುಡುಗಿಯ ಬೆನ್ನ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದ. “ಈರ್ಯಾ, ಕಡೀಕ ಒಬ್ಬಾಂವ ಝಂಡಾ ಹಿಡಕೊಂಡ ಗುಡ್ಡಾ ಏರ್ತಾನ. ಮಾರಿ ಕಾಣೂದಿಲ್ಲ. ಆಂವನ್ನ ನೀನ ಅಂದಬಿಡು. ಯಾರ ಕೇಳ್ತಾರ?”

“ತಡಿ ಮಾರಾಯ.”

“ಅಪ್ಪಾ, ಅಲ್ನೋಡು, ಗುಲಾಮ ಕಾಕಾ!” ರೋಹಿಣಿ ಎದ್ದೇ ನಿಂತಳು. ಪರದೆಯ ಧೂಳಿನಲ್ಲಿ ಗುಲಾಮಹುಸೇನ ಓಡಿಬರುತ್ತಿದ್ದ. ಎದುರಿನ ಕಂದಕದಿಂದ ಗಡ್ಡದವನೊಬ್ಬ ಮೇಲೆದ್ದ. ಗುಲಾಮಹುಸೇನ ಅವನ ಎದೆಗೆ ಗುಂಡಿಟ್ಟ. ಅಷ್ಟೇ, ಇಡೀ ಥೇಟರು ಸೀಟಿ ಹೊಡೆಯುತ್ತ ಎದ್ದಿತು. ಜೋಳದ ತೆನೆಯಿಂದ ಹಕ್ಕಿ ಎಬ್ಬಿಸಲು ಅಪ್ಪ ಕಲಿಸಿದ್ದ ಸೀಟಿ ಇತ್ತಲ್ಲ, ಬಾಯಿಗೆ ಎರಡು ಬೆರಳಿಟ್ಟು ರೋಹಿಣಿ ಅದನ್ನೇ ಊದಿದಳು. ಹಿಂದಿನ ಸಾಲಿನವರು “ಭಲೇ ಹುಡುಗಿ” ಎಂದರು. ಹೊಡೆದ ಗುಲಾಮಹುಸೇನ ಮಾತ್ರ ತಲೆ ತಗ್ಗಿಸಿ ಶೇಂಗಾದ ಸಿಪ್ಪೆ ಬಿಡಿಸುತ್ತ ಕೂತ.

ಅಂದು ಎರೆಹೊಲದಲ್ಲಿ ಹಾಗೆ ಬೀಳುವಾಗ ಈರಪ್ಪ “ಯವ್ವಾ” ಎಂದಿದ್ದ. ಅದು ನಟನೆಯಲ್ಲ, ಜೋಳದ ಕೂಳೆ ಬೆನ್ನಿಗೆ ಚುಚ್ಚಿತ್ತು. ಸಿನಿಮಾದವರು ಆ ಯವ್ವನನ್ನು ಅಳಿಸಿ, ಇನ್ಯಾರದೋ ಗಂಟಲಿನಿಂದ ವೈರಿದೇಶಕ್ಕೆ ಜೈಕಾರ ಹಾಕಿಸಿದ್ದರು. ಪರದೆಯ ಮೇಲೆ ತನ್ನ ಬಾಯಿಂದ ಅದು ಹೊರಟಾಗ ಈರಪ್ಪ ಕೈಯಿಂದ ತುಟಿ ಮುಟ್ಟಿ ನೋಡಿಕೊಂಡ.

ಗುಡ್ಡದ ತುದಿಯಲ್ಲಿ ಬಾವುಟ ಕಾಣಿಸಿತು. ಹಿಡಿದವನ ಬೆನ್ನಷ್ಟೇ ಇತ್ತು.

“ಝಂಡಾದಾಂವ ನೀನ ಹೌದಿಲ್ಲೋ?” ಮಗಳ ಮುಖ ಬೆಳಗಿತು. “ನನಗ ಗೊತ್ತಿತ್ತ ಬಿಡು.”

“ಹೂಂ ಅನ್ನೋ ಈರ್ಯಾ,” ಎಂದ ಗುಲಾಮಹುಸೇನ, ಶೇಂಗಾದಿಂದ ಕಣ್ಣು ಎತ್ತದೆ.

ಈರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹೀರೋ ಕಂದಕದ ಹತ್ತಿರ ಬಂದು, ಬಿದ್ದವನ ಎದೆಯ ಮೇಲೆ ಬೂಟುಗಾಲಿಟ್ಟು, ತಾಯ್ನಾಡಿನ ಬಗ್ಗೆ ಮಾತಾಡತೊಡಗಿದ. ಥೇಟರು ಮತ್ತೆ ಎದ್ದಿತು. ರೋಹಿಣಿಯ ಬೆರಳು ಮತ್ತೆ ಬಾಯಿಗೆ ಹೋದವು.

“ರೋಹಿಣಿ,” ಈರಪ್ಪ ಕೈ ಎತ್ತಿ ತೋರಿಸಿದ, “ಝಂಡಾದಾಂವಲ್ಲ. ಬೂಟಿನ ಕೆಳಗ ಅದಾನ ನೋಡು. ಆಂವಾ ನಾ.”

ಕೊಟ್ಟ ಮಾತು ನಡೆಯಿತು. ಸುತ್ತಲೂ ಸೀಟಿ ನಿಂತಿರಲಿಲ್ಲ. ರೋಹಿಣಿಯ ಎರಡು ಬೆರಳು ಬಾಯಲ್ಲೇ ಇದ್ದವು, ಎದೆಯ ತುಂಬ ಎಳೆದುಕೊಂಡ ಉಸಿರು ಒಳಗೇ ಇತ್ತು.