ಸೋಮಲೇಖೆಯ ಜುಟ್ಟು

"ಇವತ್ತೊಂದು ದಿನ ನೆಟ್ಟಗೆ ಕೂತ್ಕೋ. ನಾಳೆಯಿಂದ ಬಾಚೋಕೆ ಏನೂ ಇರಲ್ಲ," ಎಂದು ದಾದಿ ಮಲೀಸಜ್ಜಿ ಹಣಿಗೆಯನ್ನು ಬೇಕೆಂದೇ ಜೋರಾಗಿ ಎಳೆದಳು. ಹೊಳೆಯ ಮೆಟ್ಟಿಲ ಕಡೆಯಿಂದ ಅರಸನ ನಗಾರಿ ಆಗಲೇ ಕೇಳಿಸುತ್ತಿತ್ತು.

"ನೋಯುತ್ತೆ ಅಜ್ಜಿ."

"ನೋಯಲಿ. ನಿನಗೆ ಹಾಲು ಬಿಡಿಸಿದಾಗಿಂದ ಕಟ್ಟಿದ ಜುಟ್ಟು ಇದು. ಇದರೊಳಗಿನ ಹೇನುಗಳೂ ಮರಿಮಕ್ಕಳನ್ನ ಕಂಡು ಸತ್ತವು. ಈಗ ಹೋಗಿ ನಿಮ್ಮಪ್ಪನ್ನ ಕೊಂದವನ ಕೈಗೆ ಜುಟ್ಟು ಕೊಡ್ತೀಯಲ್ಲ, ನಾಚಿಕೆ ಆಗಲ್ವಾ?"

ಸೋಮಲೇಖೆ ಕಂಚಿನ ಕನ್ನಡಿ ಎತ್ತಿಕೊಂಡಳು. ಅದರಲ್ಲಿ ಅವಳ ನಡುನೆತ್ತಿಯ ಜುಟ್ಟು ಕಾಣುತ್ತಿತ್ತು. ಅರ್ಧಕ್ಕರ್ಧ ನರೆತಿತ್ತು. ಬೇರೆ ಹುಡುಗಿಯರಿಗೆ ಮೈನೆರೆಯುವ ಹೊತ್ತಿಗೆ ಕತ್ತರಿಸಿ ತೆಗೆಯುವ ಜುಟ್ಟು. ರಾಜರ ಮಕ್ಕಳದಾದರೆ ಆಳುವ ಅರಸನೇ ಕೈಯಾರೆ ಕತ್ತರಿಸಬೇಕು. ಅವಳದಕ್ಕೆ ಮುಹೂರ್ತವಿಟ್ಟ ತಿಂಗಳಲ್ಲೇ ಈಗಿನ ಅರಸ ರಣಸಿಂಹವರ್ಮ ಅವಳ ತಂದೆಯ ರಾಜಧಾನಿ ಶಂಖಪುರವನ್ನು ಸುಟ್ಟ. ಅವಳ ತಂದೆ ಕೋಟೆಬಾಗಿಲಲ್ಲಿ ಬಿದ್ದ, ಅಣ್ಣಂದಿರೂ ಉಳಿಯಲಿಲ್ಲ. ಅವಳನ್ನು ಸೆರೆಯಾಗಿ ಈ ಊರಿಗೆ ತಂದರು. ಸಿಂಹಾಸನದ ಹಕ್ಕು ಅವಳೊಬ್ಬಳದಾಯಿತು, ಆದರೆ ಜುಟ್ಟು ಇರುವವರೆಗೆ ಅವಳು ಮಗು. ಮಗುವಿನ ಮೇಲೆ ಆಯುಧ ಎತ್ತುವಂತಿಲ್ಲ, ಮಗುವಿಗೆ ಮದುವೆ ಮಾಡುವಂತಿಲ್ಲ. ಮಗು ಪಟ್ಟಕ್ಕೇರುವಂತೆಯೂ ಇಲ್ಲ. ತಾನಾಗಿ ಬಂದು ತಲೆ ಕೊಡದೆ ಜುಟ್ಟನ್ನು ಯಾರೂ ಮುಟ್ಟುವಂತಿಲ್ಲ. ಇಪ್ಪತ್ತು ಮಳೆಗಾಲಕ್ಕೂ ಮೇಲೆ ಅವಳು ತಲೆ ಕೊಟ್ಟಿರಲಿಲ್ಲ. ಹೋದ ತಿಂಗಳು ತಾನೇ ಅರಸನಿಗೆ ಹೇಳಿ ಕಳಿಸಿದ್ದಳು: ಮಳೆ ಹಿಡಿದ ಮೇಲೆ, ಹೊಳೆಯ ಮೆಟ್ಟಿಲಲ್ಲಿ, ಊರೆಲ್ಲ ನೋಡುವ ಹಾಗೆ ಆಗಲಿ.

"ಇವತ್ತು ಜುಟ್ಟು, ಬರೋ ಹುಣ್ಣಿಮೆಗೆ ಅವನ ತಮ್ಮನ ಜೊತೆ ಮದುವೆ," ಅಜ್ಜಿ ಬಿಡಲಿಲ್ಲ. "ಆಮೇಲೆ ನಿಮ್ಮಪ್ಪನ ಸಿಂಹಾಸನ ಅವರ ಮನೆಯ ಊಟದ ಮಣೆ. ಈ ವಯಸ್ಸಲ್ಲಿ ಗಂಡ ಬೇಕು ಅನ್ನಿಸ್ತಾ?"

"ಆ ತಮ್ಮನ್ನ ನೋಡಿದ್ದೀಯಾ ಅಜ್ಜಿ?"

"ನೋಡಿದ್ದೀನಿ. ಒಣಮೀನು ತಿನ್ನೋಕೂ ಹಲ್ಲಿಲ್ಲ."

"ಮತ್ತೆ?"

"ಮತ್ತೆ ಯಾಕೆ ಒಪ್ಪಿದೆ ಅಂತ ನಾನು ಕೇಳ್ತಿರೋದು!"

"ಏಳು, ಹೊತ್ತಾಯ್ತು," ಎಂದು ಸೋಮಲೇಖೆ ಎದ್ದಳು.

ಮೆಟ್ಟಿಲ ಮೇಲೆ ಬಿಳಿ ಕೊಡೆಗಳ ಸಾಲು. ರಣಸಿಂಹವರ್ಮ ಮುದುಕನಾಗಿದ್ದ, ದನಿ ಮಾತ್ರ ತಗ್ಗಿರಲಿಲ್ಲ. "ಬಾ ಮಗೂ, ಬಾ. ಅಂತೂ ದೊಡ್ಡವಳಾಗೋ ಮನಸ್ಸು ಬಂತು ನಿನಗೆ," ಎಂದ. ಆಸ್ಥಾನದವರು ನಕ್ಕರು. ಅವಳು ಅವನ ಮುಂದಿನ ಮಣೆಯ ಮೇಲೆ ಕೂತಳು. ಪಕ್ಕದ ತಟ್ಟೆಯಲ್ಲಿ ಚಿನ್ನದ ಹಿಡಿಯ ಚೂರಿ ಇತ್ತು.

"ಒಂದು ಮಾತು ಕೇಳಬೇಕಯ್ಯ. ಈ ಜುಟ್ಟು ಕತ್ತರಿಸೋ ಕೈ ಯಾರದು?" ಎಂದಳು.

"ಅರಸನದು. ಮತ್ಯಾರದು?"

"ಹಿಂದೆ ನಿಂತವರಿಗೂ ಕೇಳಲಿ."

ಅರಸ ಖುಷಿಯಿಂದಲೇ ಜನರ ಕಡೆ ತಿರುಗಿದ. "ಅರಸನ ಕೈ! ಇದನ್ನ ಕತ್ತರಿಸೋ ಕೈಯೇ ಅರಸನ ಕೈ!" ಎಂದು ಸಾರಿ, ಪುರೋಹಿತ ಶಂಖದಿಂದ ಸುರಿಯುವ ನೀರಿಗೆ ಎರಡೂ ಅಂಗೈ ಒಡ್ಡಿದ.

ಆ ಕೈಗಳು ಒದ್ದೆಯಾಗಿದ್ದಾಗಲೇ ಸೋಮಲೇಖೆ ಚೂರಿ ಎತ್ತಿಕೊಂಡಳು. ಎಡಗೈಯಲ್ಲಿ ಜುಟ್ಟು ಹಿಡಿದು ಬುಡಕ್ಕೆ ಕೊಯ್ದಳು. ಕೂದಲು ಗಟ್ಟಿಯಾಗಿತ್ತು, ಕಬ್ಬು ಸೀಳಿದಂಥ ಸದ್ದು ಬಂತು. ಹಣೆಗೆ ಒಂದು ಎಳೆ ರಕ್ತ ಇಳಿಯಿತು. ಆಮೇಲೆ ಅವಳು ಎದ್ದು ನಿಂತಳು.

ಪುರೋಹಿತನ ಶಂಖದಿಂದ ನೀರು ಮೆಟ್ಟಿಲ ಮೇಲೆ ಸುರಿಯುತ್ತಲೇ ಇತ್ತು.

"ಏನು ಮಾಡಿಕೊಂಡೆ ಗೊತ್ತೇನೇ ನಿನಗೆ?" ಅರಸನ ದನಿ ನಡುಗಿತು. "ಇಷ್ಟು ದಿನ ನಿನ್ನ ಜೀವ ಕಾಯ್ತಿದ್ದದ್ದು ಅದೊಂದೇ. ಈಗ ಇಲ್ಲೇ, ಈ ಕ್ಷಣವೇ ನಿನ್ನನ್ನ ಕಡಿಸಿ ಹಾಕಬಹುದು!"

"ಹಾಕಬಹುದು. ಮಗು ಅಂತ ಬಿಟ್ಟಿದ್ರಿ, ಇನ್ನು ಬಿಡಬೇಡಿ. ಆದರೆ ಇನ್ನೊಂದು ಸಲ ಮಗೂ ಅಂದೀರಿ, ಹುಷಾರ್. ಅರಸರು ಅರಸರನ್ನ ಹೇಗೆ ಕರೀತಾರೋ ಹಾಗೆ ಕರೀರಿ."

ಭರ್ಜಿಗಳು ಅವಳ ಕಡೆ ತಿರುಗಿದವು. ಅವಳು ಅತ್ತ ನೋಡದೆ ಜುಟ್ಟನ್ನು ಅಜ್ಜಿಯ ಕಡೆ ಚಾಚಿದಳು. ಕತ್ತರಿಸಿದ ಜುಟ್ಟನ್ನು ಹೊಳೆಗೆ ಬಿಡಬೇಕು, ಅದು ವಾಡಿಕೆ. ಮಲೀಸಜ್ಜಿ ಅಳುತ್ತಲೋ ನಗುತ್ತಲೋ ಅದನ್ನು ತಾವರೆ ಎಲೆಯಲ್ಲಿಟ್ಟು, ಭರ್ಜಿಗಳ ನಡುವೆಯೇ ತೂರಿಕೊಂಡು ಮೆಟ್ಟಿಲಿಳಿದು, ನೀರಿಗೆ ಬಿಟ್ಟಳು.

ಬೇಸಿಗೆಯಾಗಿದ್ದರೆ ಎಲೆ ಕಡಲ ಕಡೆ ತೇಲಿ ಹೋಗುತ್ತಿತ್ತು. ಆದರೆ ಮಳೆಗಾಲದ ನೆರೆ ಏರಿದಾಗ ಈ ಹೊಳೆ ವರ್ಷಕ್ಕೊಮ್ಮೆ ಹಿಂದಕ್ಕೆ ತಿರುಗಿ ದೊಡ್ಡ ಸರೋವರದ ಕಡೆಗೆ ಹರಿಯುತ್ತದೆ. ಆಗಷ್ಟೇ ತಿರುಗಿತ್ತು. ತಾವರೆ ಎಲೆ ಒಂದು ಸುತ್ತು ಸುತ್ತಿ ಮೇಲ್ಮುಖವಾಗಿ ಹೊರಟಿತು. ಆ ದಿಕ್ಕಿನಲ್ಲಿ, ಸರೋವರದ ದಂಡೆಯ ಹಳ್ಳಿಗಳಲ್ಲಿ, ಶಂಖಪುರದಲ್ಲಿ ಸಾಯದೆ ಉಳಿದವರು ಇನ್ನೂ ಬಲೆ ಬೀಸುತ್ತಿದ್ದರು. ನರೆತ ಜುಟ್ಟು ಕಂಡರೆ ಅದು ಯಾರದೆಂದು ಅವರು ಕೇಳಬೇಕಾಗಿರಲಿಲ್ಲ.

ಅರಸನಿಗೂ ಅದು ಹೊಳೆಯಿತು. "ಹಿಡೀರೋ ಅದನ್ನ! ದೋಣಿ ಬಿಡ್ರೋ!" ಎಂದು ಕೂಗಿದ.

ಮೆಟ್ಟಿಲುದ್ದಕ್ಕೂ ಅರಮನೆಯ ದೋಣಿಗಳು ಸಾಲಾಗಿ ನಿಂತಿದ್ದವು. ಶಂಖಪುರದಿಂದ ಸೆರೆ ಹಿಡಿದು ತಂದಿದ್ದ ಅಂಬಿಗರು, ಅವರ ಮಕ್ಕಳು, ಅವುಗಳಲ್ಲೇ ಕೂತಿದ್ದರು. ಒಬ್ಬನೂ ಹುಟ್ಟು ಎತ್ತಲಿಲ್ಲ.